ಕಾಲು ಮಿಲಿಗೆ ಬಂದು ನಿಂತ ಕಥೆ

ಗಾಂಜಾ ಮಾರುವ ಅಂಗಡಿಯ ಗಾಜಿಗೆಲ್ಲ ಒಳಗಿನಿಂದ ಬಿಳಿ ಹಾಳೆ ಅಂಟಿಸಿದ್ದರು. ಒಳಗಿನ ಮಾಲು ಬೀದಿಗೆ ಕಾಣಬಾರದು, ಅದರಲ್ಲೂ ಮಕ್ಕಳ ಕಣ್ಣಿಗೆ ಬೀಳಬಾರದು ಅನ್ನೋದು ಇಲ್ಲಿನ ಕಾನೂನು. ಆ ಬಾಗಿಲ ಮುಂದೆ ಎರಡು ಸಲ ಹಾದುಹೋದೆ. ಮೂರನೇ ಸಲ ಒಳಗೆ ಕಾಲಿಟ್ಟೆ. ಅದಕ್ಕೂ ಮುಂಚೆ, ಕನ್ನಡ ಸಂಘದವರ ಕಾರು ಯಾವುದಾದರೂ ಅಲ್ಲಿ ನಿಂತಿದೆಯಾ ಅಂತ ಪಾರ್ಕಿಂಗ್ ಜಾಗವನ್ನೆಲ್ಲ ಒಂದು ಸುತ್ತು ನೋಡಿದ್ದೆ. ಸುಳ್ಳು ಯಾಕೆ ಹೇಳಲಿ.

ನನಗೆ 54. ಸಕಲೇಶಪುರದ ಕಡೆಯವಳು. ಮದುವೆಯಾಗಿ ಕೆನಡಾಗೆ ಬಂದವಳು ಈಗ ಒಂಟಾರಿಯೊದ ವಾಟರ್ಲೂನಲ್ಲಿದ್ದೇನೆ. ಸಿಗರೇಟು ಮುಟ್ಟಿದವಳಲ್ಲ. ವೈನ್ ಎರಡು ಗುಟುಕು ಕುಡಿದರೆ ತಲೆನೋವು ಬರುತ್ತೆ. ಗಾಂಜಾ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಎರಡೇ ಚಿತ್ರ. ಒಂದು, ಜಾತ್ರೆಯಲ್ಲಿ ಚಿಲುಮೆ ಹಿಡಿದು ಕೂತ ಸಾಧು. ಇನ್ನೊಂದು, ಶುಂಠಿ ಹೊಲದ ಮಧ್ಯೆ ಗಿಡ ಬೆಳೆದು ಸಿಕ್ಕಿಬಿದ್ದವನ ಪಕ್ಕ ಪೊಲೀಸರು ನಿಂತು ತೆಗೆಸಿಕೊಂಡ ಪೇಪರ್ ಫೋಟೊ.

ಬಾಗಿಲಲ್ಲೇ ಒಬ್ಬ ಗುರುತಿನ ಚೀಟಿ ಕೇಳಿದ. ಒಂಟಾರಿಯೊದಲ್ಲಿ 19 ತುಂಬಿರಬೇಕು. ನನ್ನ ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಜಾಸ್ತಿ, ಆದರೂ ಕೇಳಿದ. ಒಳಗೆ ಕೌಂಟರಿನಲ್ಲಿದ್ದ ಹುಡುಗನಿಗೆ ನನ್ನ ಮಗನಷ್ಟೇ ವಯಸ್ಸು. ನಗುತ್ತಾ ಕೇಳಿದ: "ನಿಮಗೆ ಹೇಗನ್ನಿಸಬೇಕು?"

ಸೀರೆ ಅಂಗಡಿಯಲ್ಲಿ ಎಷ್ಟರ ಒಳಗೆ ತೋರಿಸಲಿ ಅಂತಾರೆ. ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಕೇಳ್ತಾರೆ. ಹೇಗನ್ನಿಸಬೇಕು ಅಂತ ಯಾರೂ ಕೇಳಿರಲಿಲ್ಲ. "ಭುಜ ನೋಯಬಾರದು, ನಿದ್ದೆ ಬರಬೇಕು" ಅಂದೆ. ಎಡವಟ್ಟು ಅಲ್ಲಿಂದಲೇ ಶುರುವಾಯ್ತು.

ಭುಜದ ವಿಷಯ ಸ್ವಲ್ಪ ಹೇಳಬೇಕು. ಫ್ರೋಜನ್ ಶೋಲ್ಡರ್ ಅಂತಾರೆ. ಕೀಲಿನ ಸುತ್ತ ಇರುವ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತೆ. 40ರಿಂದ 60ರೊಳಗಿನ ಹೆಂಗಸರಿಗೆ ಜಾಸ್ತಿ. ಸಕ್ಕರೆ ಕಾಯಿಲೆಯೋ ಥೈರಾಯ್ಡೋ ಇದ್ದವರಿಗೆ ಇನ್ನೂ ಜಾಸ್ತಿ. ನನಗೆ ಥೈರಾಯ್ಡ್ ಇದೆ. ಸಾಮಾನ್ಯವಾಗಿ ತಾನಾಗೇ ಬಿಡುತ್ತೆ, ಆದರೆ ಅದಕ್ಕೆ ಒಂದರಿಂದ ಮೂರು ವರ್ಷ ಬೇಕು. ಬಲಗೈ ಬೆನ್ನ ಹಿಂದಕ್ಕೆ ಹೋಗಲ್ಲ. ಜಡೆ ಹಾಕಿಕೊಳ್ಳೋಕೆ ಆಗಲ್ಲ. ಮೇಲಿನ ಕಪಾಟಿನಿಂದ ರಾಗಿಹಿಟ್ಟಿನ ಡಬ್ಬ ಇಳಿಸೋಕೂ ನಮ್ಮ ಯಜಮಾನರನ್ನೇ ಕರೀಬೇಕು. ಹಗಲು ಹೇಗೋ ಕಳೆಯುತ್ತೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಬಲಕ್ಕೆ ಹೊರಳಿದೆನೋ, ಭುಜದೊಳಗೆ ಯಾರೋ ಕುಡುಗೋಲು ಆಡಿಸಿದ ಹಾಗೆ. ಆಮೇಲೆ ಬೆಳಗಿನ ತನಕ ಛಾವಣಿ ನೋಡುತ್ತಾ ಮಲಗಿರೋದು.

ಸ್ಟೀರಾಯ್ಡ್ ಇಂಜೆಕ್ಷನ್ ಆಯ್ತು. ಎರಡು ತಿಂಗಳು ಪರವಾಗಿಲ್ಲ ಅನ್ನಿಸಿ ಮತ್ತೆ ಅದೇ ಕಥೆ. ಐಬುಪ್ರೊಫೆನ್ ನುಂಗಿ ನುಂಗಿ ಹೊಟ್ಟೆ ಉರಿ ಶುರುವಾಯ್ತು. ಫಿಸಿಯೋಥೆರಪಿ ನಡೀತಾನೇ ಇತ್ತು. ಆಫೀಸಿನ ಗೆಳತಿಯೊಬ್ಬಳು ಗಾಂಜಾ ಎಣ್ಣೆಯ ಮಾತು ತೆಗೆದಾಗ ನಕ್ಕು ಸುಮ್ಮನಾದೆ. ಮೂರು ವಾರ ನಿದ್ದೆ ಇಲ್ಲದೆ ಕಳೆದ ಮೇಲೆ ನಾನೇ ಅವಳನ್ನು ಹುಡುಕಿಕೊಂಡು ಹೋದೆ.

ಡಾಕ್ಟರನ್ನು ಕೇಳದೆ ಮುಂದುವರಿಯಲಿಲ್ಲ. ಅವರು ತಗೊಳ್ಳಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಪ್ರಶ್ನೆ ಮಾತ್ರ ತುಂಬ ಕೇಳಿದರು. ಹೃದಯದ ತೊಂದರೆ ಇದೆಯಾ? ಮನೆತನದಲ್ಲಿ ಯಾರಿಗಾದರೂ ಸ್ಕಿಜೊಫ್ರೀನಿಯಾ ಇತ್ತಾ? ರಕ್ತ ತೆಳುವಾಗಿಸುವ ವಾರ್ಫರಿನ್ ತಗೋತೀರಾ? ಫಿಟ್ಸ್ ಮಾತ್ರೆ? ನಿದ್ದೆ ಮಾತ್ರೆ? ಈ ಮಾತ್ರೆಗಳನ್ನು ಕರಗಿಸುವ ಲಿವರಿನ ದಾರಿಯಲ್ಲೇ ಗಾಂಜಾದ ಅಂಶಗಳೂ ಹೋಗುತ್ತವಂತೆ, ಎರಡೂ ಸೇರಿದರೆ ಲೆಕ್ಕ ತಪ್ಪುತ್ತೆ. ಎಲ್ಲಕ್ಕೂ ಇಲ್ಲ ಅಂದೆ. "ಹಾಗಾದರೆ ತೀರಾ ಕಡಿಮೆಯಿಂದ ಶುರು ಮಾಡಿ. ತಗೊಂಡ ಮೇಲೆ ಕಾರು ಮುಟ್ಟಬೇಡಿ" ಅಂದರು. 'ತೀರಾ ಕಡಿಮೆ' ಅಂದರೆ ಎಷ್ಟು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಮತ್ತೆ ಅಂಗಡಿಗೆ ಬರುತ್ತೇನೆ. ಗೋಡೆಯ ದೊಡ್ಡ ಪರದೆಯಲ್ಲಿ ಗಾಂಜಾ ತಳಿಗಳ ಮೂರು ಪಟ್ಟಿ: ಸಟೈವಾ, ಇಂಡಿಕಾ, ಹೈಬ್ರಿಡ್. ಸಟೈವಾ ಹಗಲಿಗೆ, ಲವಲವಿಕೆಗೆ. ಇಂಡಿಕಾ ರಾತ್ರಿಗೆ, ಮೈ ಸಡಿಲವಾಗೋಕೆ. ಹೈಬ್ರಿಡ್ ಎರಡರ ನಡುವೆ. "ಇಂಡಿಕಾ ಅಂದ್ರೆ 'ಇನ್ ದ ಕೌಚ್'. ಸೋಫಾ ಬಿಟ್ಟು ಏಳಲ್ಲ" ಅಂದ ಹುಡುಗ. ಈ ಮಾತನ್ನು ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಿದ್ದನೋ. ಹೆಸರುಗಳು ಒಂದಕ್ಕಿಂತ ಒಂದು ಚೆಂದ. ಬ್ಲೂ ಡ್ರೀಮ್, ವೆಡ್ಡಿಂಗ್ ಕೇಕ್, ನಾರ್ದರ್ನ್ ಲೈಟ್ಸ್, ಪಿಂಕ್ ಕುಶ್. ಬೇಕರಿಗೆ ಬಂದಿದ್ದೀನೋ ಏನೋ ಅನ್ನಿಸಿತು. ಈ 'ಕುಶ್' ಅನ್ನೋದು ಹಿಂದೂಕುಶ್ ಬೆಟ್ಟದಿಂದ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು.

ಪಿಂಕ್ ಕುಶ್ ಕೊಟ್ಟ. ಮೂರೂವರೆ ಗ್ರಾಂ ಒಣಗಿದ ಹೂವು. "ಶೇಕಡಾ 26 ಟಿಎಚ್‌ಸಿ, ಒಳ್ಳೇ ಸ್ಟ್ರಾಂಗು" ಅಂದ. ಟಿಎಚ್‌ಸಿ ಅಂದರೆ ಗಾಂಜಾದಲ್ಲಿ ತಲೆಗೇರಿಸುವ ಅಂಶ. ಸ್ಟ್ರಾಂಗು ಅಂದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆ. ಕಾಫಿ ನಾಡಿನವಳು ನೋಡಿ, ಡಿಕಾಕ್ಷನ್ ಲೆಕ್ಕ ಹಾಕಿದೆ. ಸೇದೋಕೆ ಬರಲ್ಲ ಅಂದಿದ್ದಕ್ಕೆ ಸಣ್ಣದೊಂದು ವೇಪರೈಸರ್ ಕೊಟ್ಟ. ಹೂವನ್ನು ಸುಡದೆ ಬರೀ ಬಿಸಿ ಮಾಡಿ ಆವಿ ಕೊಡುವ ಯಂತ್ರ ಅದು.

ಮನೆಗೆ ಬಂದರೆ ಡಬ್ಬದ ಮುಚ್ಚಳವೇ ತೆಗೆಯೋಕೆ ಬರಲಿಲ್ಲ. ಮಕ್ಕಳು ತೆಗೆಯಬಾರದು ಅಂತ ಒತ್ತಿ ತಿರುಗಿಸುವ ಮುಚ್ಚಳ ಇಟ್ಟಿರುತ್ತಾರೆ. ಭುಜ ಹಿಡಿದವರ ಕೈಲೂ ಅದು ಆಗಲ್ಲ. ಯಜಮಾನರು ತೆಗೆದುಕೊಟ್ಟರು. "ಇದಕ್ಕಿಂತ ನಿಮ್ಮಮ್ಮನ ಮಿಡಿ ಉಪ್ಪಿನಕಾಯಿ ಜಾಡಿ ವಾಸಿ" ಅಂದರು. ಮೂಸಿ ನೋಡಿ ಮುಖ ಕಿವುಚಿದರು. "ಏನೇ ಇದು, ದನದ ಕೊಟ್ಟಿಗೇಲಿ ಕರಿಮೆಣಸು ಒಣಗಿಸಿದ ಹಾಗಿದೆ." ಆ ಮಾತು ನೆನಪಿರಲಿ. ತಮಾಷೆಗೆ ಹೇಳಿದ್ದು, ಆದರೆ ಅರ್ಧ ನಿಜ.

ರಾತ್ರಿ ಒಂಬತ್ತೂಕಾಲಿಗೆ ಮೂರು ದಮ್ಮು ಎಳೆದೆ. ಏನೂ ಆಗಲಿಲ್ಲ ಅಂತ ಇನ್ನೆರಡು. ಹತ್ತು ನಿಮಿಷಕ್ಕೆ ಎದೆ ಹೊಡೆದುಕೊಳ್ಳೋಕೆ ಶುರುವಾಯ್ತು. ಕೈಗಡಿಯಾರ 118 ತೋರಿಸಿತು. ಸೋಫಾ ಮೇಲೆ ಕೂತೆ. ಆ ಹುಡುಗ ಹೇಳಿದ್ದು ಅಷ್ಟರ ಮಟ್ಟಿಗೆ ನಿಜವಾಯ್ತು. ಮೈಕ್ರೋವೇವಿನ ಗಡಿಯಾರ 9:41 ತೋರಿಸುತ್ತಿತ್ತು. ತುಂಬ ಹೊತ್ತು ಬಿಟ್ಟು ನೋಡಿದರೆ 9:43.

ಎದೆಬಡಿತಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ನೋವು ಹೋಗಲಿಲ್ಲ. ಬದಲಿಗೆ ಗಮನವೆಲ್ಲ ಅಲ್ಲೇ ಹೋಗಿ ಕೂತಿತು. ಭುಜದ ಒಂದೊಂದು ಎಳೆಯೂ ಎಣಿಸಬಹುದು ಅನ್ನುವಷ್ಟು ಸ್ಪಷ್ಟ. ಟೀವಿ, ಗಂಡ, ಮನೆ ಎಲ್ಲ ದೂರ ಸರಿದು ನಾನು ಮತ್ತು ನನ್ನ ಭುಜ ಇಬ್ಬರೇ ಉಳಿದ ಹಾಗಾಯ್ತು.

ಗಾಬರಿಯಾಗಿ ಯಜಮಾನರು ಟೊರೊಂಟೊದಲ್ಲಿರುವ ಮಗನಿಗೆ ಫೋನ್ ಮಾಡಿದರು. ಅವನಿಗೆ ಮೊದಲು ನಗು. "ಅಮ್ಮಾ, ನೀನಾ?" ಆಮೇಲೆ ಪ್ಯಾಕೆಟ್ ಮೇಲಿನದ್ದು ಓದು ಅಂದ. ಓದಿದೆ. "26 ಪರ್ಸೆಂಟಾ! ಯಾರಮ್ಮಾ ನಿಂಗೆ ಮೊದಲನೇ ಸಲಕ್ಕೆ ಅದನ್ನ ಕೊಟ್ಟಿದ್ದು? ಸರಿ, ನೀರು ಕುಡಿ. ನಾಲ್ಕು ಕರಿಮೆಣಸು ಅಗಿ. ಅಪ್ಪ ಪಕ್ಕದಲ್ಲೇ ಇರ್ಲಿ. ಎದೆ ನೋವು ಬಂದ್ರೆ ತಕ್ಷಣ 911." ಮೆಣಸು ಅಗಿದೆ. ಅಣ್ಣ ತೋಟದಿಂದ ಕಳಿಸಿದ ಮೆಣಸು, ಕಣ್ಣಲ್ಲಿ ನೀರು ಬಂತು. ಗಾಂಜಾ ಏರಿದಾಗ ಮೆಣಸು ಅಗಿಯೋದು ಇಲ್ಲಿ ಹಳೇ ಮನೆಮದ್ದು. ಮೆಣಸಲ್ಲಿರುವ ಅಂಶ ಕೆಲಸ ಮಾಡಿತೋ, ನಾಲಿಗೆ ಉರಿದು ಭುಜ ಮರೆತುಹೋಯ್ತೋ ನಾನು ಹೇಳಲಾರೆ. ಹನ್ನೊಂದೂವರೆಗೆ ಒಂದು ಹದಕ್ಕೆ ಬಂದೆ. ನಿದ್ದೆ ಮಾತ್ರ ಎರಡು ಗಂಟೆಗೆ.

ಎರಡು ವಾರ ಆ ಡಬ್ಬ ಬೀರುವಿನಲ್ಲಿತ್ತು, ಬೀಗ ಹಾಕಿ. ಆ ಎರಡು ವಾರ ನಾನು ಓದಿದೆ.

ಮೊದಲು ಓದಿದ್ದು ಆ ಡಬ್ಬದ ಚೀಟಿಯನ್ನೇ. ಕೆನಡಾದಲ್ಲಿ ಈ ಡಬ್ಬಗಳಿಗೆ ಅಲಂಕಾರ ಇಲ್ಲ. ಒಂದೇ ಬಣ್ಣ, ಹಳದಿ ಪಟ್ಟಿಯಲ್ಲಿ ಎಚ್ಚರಿಕೆ, ಕೆಂಪು ಗುರುತಿನೊಳಗೆ ಒಂದು ಎಲೆ. ಚೀಟಿಯ ಮೇಲೆ ಟಿಎಚ್‌ಸಿಗೆ ಎರಡು ಲೆಕ್ಕ ಇತ್ತು. ಒಂದು ಕಡೆ ಗ್ರಾಂಗೆ 9 ಮಿಲಿಗ್ರಾಂ. ಕೆಳಗೆ 'ಒಟ್ಟು ಟಿಎಚ್‌ಸಿ' ಗ್ರಾಂಗೆ 262 ಮಿಲಿಗ್ರಾಂ. ಮೊದಲು ನೋಡಿದಾಗ ಪ್ರಿಂಟು ತಪ್ಪಿರಬೇಕು ಅಂದುಕೊಂಡಿದ್ದೆ. ಹಾಗಲ್ಲ. ಹಸಿ ಹೂವಿನಲ್ಲಿ ಟಿಎಚ್‌ಸಿ ಅನ್ನೋದು ಬಹುತೇಕ ಇರೋದೇ ಇಲ್ಲ. ಅದರ ಆಮ್ಲ ರೂಪ ಇರುತ್ತೆ, ಅದು ತಲೆಗೇರಲ್ಲ. ಬಿಸಿ ತಾಗಿದಾಗ ಅದು ಟಿಎಚ್‌ಸಿ ಆಗುತ್ತೆ. ಹಸಿರು ಕಾಫಿ ಬೀಜಕ್ಕೆ ಕಾಫಿ ಘಮ ಇರಲ್ಲ, ಹುರಿದ ಮೇಲೇ ಬರೋದು. ಹಾಗೇ ಇದೂ. ಕೆಳಗಿನ ಲೆಕ್ಕ ಹುರಿದ ಮೇಲಿನದ್ದು. ನೋಡಬೇಕಾದ್ದು ಅದನ್ನು.

ಇಲ್ಲಿನ ಆರೋಗ್ಯ ಇಲಾಖೆ ಹೊಸಬರಿಗೆ ಹೇಳೋದು ಏನು ಗೊತ್ತಾ? ಹೂವಾದರೆ ಗ್ರಾಂಗೆ 100 ಮಿಲಿಗ್ರಾಂ, ಅಂದರೆ ಶೇಕಡಾ 10, ಅಥವಾ ಅದಕ್ಕಿಂತ ಕಡಿಮೆ ಇರುವುದು. ತಿನ್ನುವುದು, ಕುಡಿಯುವುದಾದರೆ 2.5 ಮಿಲಿಗ್ರಾಂ ದಾಟಬಾರದು. ನಾನು ಶುರು ಮಾಡಿದ್ದು ಆ ಶೇಕಡಾ 10ರ ಎರಡೂವರೆ ಪಟ್ಟು ಗಡಸು ಮಾಲಿನಿಂದ. ಅಂಗಡಿಯವರಿಗೆ ಔಷಧಿ ಸಲಹೆ ಕೊಡುವ ಅಧಿಕಾರ ಇಲ್ಲ, ಅದು ಸರಿ. ಆದರೆ ಹಿಂದೆ ಯಾವಾಗಾದರೂ ತಗೊಂಡಿದ್ದೀರಾ ಅಂತ ಕೇಳಬಹುದಿತ್ತು ಆ ಹುಡುಗ. ಅದೊಂದು ಸಿಟ್ಟು ಈಗಲೂ ಇದೆ.

ಆಮೇಲೆ ಇಂಡಿಕಾ, ಸಟೈವಾ. ಇವು ಗಿಡ ನೋಡಿ ಇಟ್ಟ ಹೆಸರು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಯುರೋಪಿನ ಗಿಡಕ್ಕೆ ಸಟೈವಾ ಅಂದ. 1785ರಲ್ಲಿ ಲಮಾರ್ಕ್ ಭಾರತದಿಂದ ಹೋದ ಗಿಡ ನೋಡಿ, ಇದು ಬೇರೆ ಜಾತಿ ಅಂತ ಇಂಡಿಕಾ ಅಂತ ಕರೆದ. ಅಲ್ಲಿಂದ ಈಚೆಗೆ ಎಲ್ಲವನ್ನೂ ಎಲ್ಲದರ ಜೊತೆ ಕೂಡಿಸಿ ಕೂಡಿಸಿ ಈಗ ಅಂಗಡಿಯಲ್ಲಿರುವುದೆಲ್ಲ ಮಿಶ್ರವೇ. ಕೆನಡಾದ ಸಂಶೋಧಕರು 2015ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ ಗಿಡಗಳ ವಂಶವಾಹಿ ಪರೀಕ್ಷೆ ಮಾಡಿ ನೋಡಿದ್ದಾರೆ. ಚೀಟಿಯ ಮೇಲಿನ ಇಂಡಿಕಾ, ಸಟೈವಾಗೂ ಗಿಡದ ವಂಶಕ್ಕೂ ಅಂಥ ತಾಳಮೇಳ ಇಲ್ಲ. ಒಂದೇ ಹೆಸರಿನ ತಳಿ ಬೇರೆ ಬೇರೆ ಕಡೆ ಬೇರೆ ಬೇರೆ. ಇದು ನನಗೆ ತಕ್ಷಣ ಅರ್ಥವಾಯ್ತು. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಐದು ಚೀಲದ ಮೇಲೆ 'ಸೋನಾ ಮಸೂರಿ' ಅಂತ ಬರೆದಿರುತ್ತೆ. ಒಂದು ಮುದ್ದೆಯಾಗುತ್ತೆ, ಒಂದು ಉದುರುದುರು, ಇನ್ನೊಂದಕ್ಕೆ ಅರ್ಧ ಲೋಟ ನೀರು ಜಾಸ್ತಿ ಬೇಕು. ಹೆಸರು ನೋಡಿ ನೀರಿಟ್ಟರೆ ಕೆಟ್ಟಿತು ಅಂತಲೇ.

ಆ 2021ರ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದವರ ಕೆಲಸದಲ್ಲಿ ಒಂದು ಮಾತು ನನಗೆ ಹಿಡಿಸಿತು. ಬೆಳೆಯುವವರು ಇಂಡಿಕಾ, ಸಟೈವಾ ಅಂತ ಹಣೆಪಟ್ಟಿ ಹಚ್ಚೋದು ಹೆಚ್ಚಾಗಿ ವಾಸನೆ ನೋಡಿ ಇರಬೇಕಂತೆ. ಮೈರ್ಸೀನ್ ಅನ್ನುವ ಮಣ್ಣು ಮಣ್ಣಿನ ವಾಸನೆಯ ಅಂಶ ಜಾಸ್ತಿ ಇದ್ದರೆ ಇಂಡಿಕಾ ಅಂತ ಬೀಳುತ್ತೆ. ಸಿಹಿ, ಗಿಡಮೂಲಿಕೆಯ ಘಮದ ಕಡೆ ವಾಲಿದರೆ ಸಟೈವಾ.

ಈ ವಾಸನೆಯ ಅಂಶಗಳಿಗೆ ಟರ್ಪೀನ್ ಅಂತ ಹೆಸರು. ಓದು ಇಲ್ಲಿಗೆ ಬಂದ ಮೇಲೆ ನನಗೆ ಇದು ಅಡುಗೆಮನೆಯ ವಿಷಯವಾಯ್ತು. ಪಟ್ಟಿ ಓದುತ್ತಾ ಹೋದರೆ ನನ್ನ ಮಸಾಲೆ ಡಬ್ಬವೇ ಅಲ್ಲಿದೆ. ಕ್ಯಾರಿಯೊಫಿಲೀನ್ ಅಂದರೆ ಕರಿಮೆಣಸು, ಲವಂಗ. ನಮ್ಮ ಯಜಮಾನರ ಮೂಗು ಹಿಡಿದದ್ದು ಅದನ್ನೇ. ಲಿಮೊನೀನ್ ಅಂದರೆ ಕಿತ್ತಳೆ ಸಿಪ್ಪೆ. ಮೈರ್ಸೀನ್ ಮಾವಿನಲ್ಲೂ ಇದೆ, ಮಜ್ಜಿಗೆ ಹುಲ್ಲಿನಲ್ಲೂ ಇದೆ. ಲಿನಲೂಲ್ ಅಂದರೆ ಎಲ್ಲರೂ ಲ್ಯಾವೆಂಡರ್ ಅಂತಾರೆ. ಆದರೆ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಅದೇ. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಬೆಚ್ಚಗೆ ಮಾಡುವಾಗ ಮೊದಲು ಏಳುವ ಆ ತೆಳು ಘಮ ಇದೆಯಲ್ಲ, ಅದು. ಬಾಣಲೆ ಇಟ್ಟು ಒಂದು ಹಿಡಿ ಹುರಿದು ಮೂಸಿ ನೋಡಿದೆ. ಮಾರನೇ ದಿನ ಸಾರಿಗೂ ಆಯ್ತು.

ಆದರೆ ಲಿನಲೂಲ್ ಇದ್ದರೆ ನಿದ್ದೆ, ಲಿಮೊನೀನ್ ಇದ್ದರೆ ಖುಷಿ ಅಂತ ಅಂಗಡಿಗಳಲ್ಲಿ ಹಾಕುವ ಪಟ್ಟಿಯನ್ನು ನಾನು ಪೂರ್ತಿ ನಂಬಲ್ಲ. ಹೆಚ್ಚಿನದ್ದು ಇಲಿಗಳ ಮೇಲೆ ನೋಡಿದ್ದು. ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ 20 ಜನರಿಗೆ ಟಿಎಚ್‌ಸಿ ಜೊತೆ ಲಿಮೊನೀನ್ ಸೇರಿಸಿ ಕೊಟ್ಟು ನೋಡಿದ್ದರು. ಲಿಮೊನೀನ್ ಸೇರಿದಾಗ ಗಾಬರಿ ಕಡಿಮೆಯಾಯ್ತು ಅಂತ ಬಂತು. ಆದರೆ ಗಾಬರಿ ಚೆನ್ನಾಗಿ ಇಳಿದದ್ದು, ಮಾಮೂಲಿ ಹೂವಿನಲ್ಲಿ ಸಿಗುವುದಕ್ಕಿಂತ ಜಾಸ್ತಿ ಲಿಮೊನೀನ್ ಕೊಟ್ಟಾಗ. ಇನ್ನೊಂದು ವಿಷಯ. ಟರ್ಪೀನ್ ಆರಿಹೋಗುತ್ತೆ. ನನ್ನ ಡಬ್ಬದ ಮೇಲೆ ಪ್ಯಾಕ್ ಮಾಡಿದ ತಾರೀಕು ನೋಡಿದರೆ ಎಂಟು ತಿಂಗಳ ಹಿಂದಿನದು. ಎಂಟು ತಿಂಗಳ ಸಾರಿನ ಪುಡಿಯಲ್ಲಿ ಸಾರು ಮಾಡಿದರೆ ಯಾರಾದರೂ ಉಣ್ಣುತ್ತಾರಾ?

ಓದುತ್ತಾ ಓದುತ್ತಾ ಸಿಕ್ಕಿದ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಭುಜಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಮಿದುಳೇ ಟಿಎಚ್‌ಸಿಯಂಥ ಒಂದು ವಸ್ತುವನ್ನು ಮಾಡಿಕೊಳ್ಳುತ್ತೆ. 1992ರಲ್ಲಿ ಜೆರುಸಲೇಮಿನ ರಾಫೆಲ್ ಮೆಕೂಲಮ್ ಅವರ ಲ್ಯಾಬಿನವರು ಅದನ್ನು ಕಂಡುಹಿಡಿದರು. ಇಟ್ಟ ಹೆಸರು 'ಆನಂದಮೈಡ್'. ನಮ್ಮ ಆನಂದವೇ. ಯಜಮಾನರಿಗೆ ಹೇಳಿದೆ. "ಹಾಗಾದ್ರೆ ದುಡ್ಡು ಕೊಟ್ಟು ಯಾಕೆ ತಂದೆ?" ಅಂದರು.

ಎರಡನೇ ಸಲ ಬೇರೆ ಅಂಗಡಿಗೆ ಹೋದೆ. ಅಲ್ಲಿ ಕೌಂಟರಿನಲ್ಲಿದ್ದವರು ನನ್ನದೇ ವಯಸ್ಸಿನ ಹೆಂಗಸು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದರು. ನಾನು ಬಾಯಿ ತೆಗೆಯುವ ಮುಂಚೆ "ಹಿಂದಿನ ಸಲ ಏನಾಯ್ತು?" ಅಂದರು. ಮುಖ ನೋಡಿ ಗೊತ್ತಾಯ್ತೇನೋ. ಎಲ್ಲ ಹೇಳಿದೆ. ಆಮೇಲೆ ಅವರು ಕೇಳಿದ ಪ್ರಶ್ನೆಗಳೇ ಬೇರೆ. ಎಷ್ಟು ಗಂಟೆಗೆ ಮಲಗುತ್ತೀರಿ? ನಿದ್ದೆ ಹತ್ತೋದು ಕಷ್ಟವಾ, ಮಧ್ಯರಾತ್ರಿ ಎಚ್ಚರ ಆಗೋದು ಕಷ್ಟವಾ? ಬೆಳಗ್ಗೆ ಎಷ್ಟು ಗಂಟೆಗೆ ಕಾರು ಓಡಿಸಬೇಕು? ರಾತ್ರಿ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ?

ಆಗ ನನಗೇ ಸ್ಪಷ್ಟವಾಯ್ತು. ನಿದ್ದೆ ಹತ್ತೋದು ನನಗೆ ಸಮಸ್ಯೆಯೇ ಅಲ್ಲ. ಹತ್ತಕ್ಕೆ ದಿಂಬಿಗೆ ತಲೆ ಕೊಟ್ಟರೆ ಹತ್ತೂಕಾಲಿಗೆ ಗೊರಕೆ. ನನ್ನ ಕಷ್ಟ ಎರಡು ಗಂಟೆಯದ್ದು. ಎರಡು ಗಂಟೆಗೆ ಹೊರಳಿದಾಗ ಪೂರ್ತಿ ಎಚ್ಚರ ಆಗಬಾರದು. ಬೆಳಗ್ಗೆ ಎಂಟಕ್ಕೆ ಕಾರು ತೆಗೆಯುವಾಗ ತಲೆ ತಿಳಿಯಾಗಿರಬೇಕು. ನನಗೆ ಬೇಕಾದ್ದು ಇಷ್ಟೇ. ತಲೆಗೇರುವ ಖುಷಿಯೂ ಬೇಡ, ಸೋಫಾಗೆ ಅಂಟಿಕೊಳ್ಳೋದೂ ಬೇಡ.

"ಹಾಗಾದರೆ ಹೂವು ನಿಮಗಲ್ಲ" ಅಂದರು. ಎಳೆದ ಆವಿ ನಿಮಿಷಗಳಲ್ಲಿ ಏರುತ್ತೆ, ಎರಡು ಮೂರು ಗಂಟೆಯಲ್ಲಿ ಇಳಿಯೋಕೆ ಶುರು. ಒಂಬತ್ತಕ್ಕೆ ಎಳೆದರೆ ಎರಡು ಗಂಟೆಗೆ ಹೆಚ್ಚೇನೂ ಉಳಿದಿರಲ್ಲ. ನುಂಗುವ ಎಣ್ಣೆ ಹೊಟ್ಟೆ, ಲಿವರ್ ದಾಟಿ ಬರಬೇಕು. ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತೆ. ಪೂರ್ತಿ ಏರೋಕೆ ನಾಲ್ಕು ಗಂಟೆಯೂ ಆಗಬಹುದು. ಆದರೆ ತುಂಬ ಹೊತ್ತು ನಿಲ್ಲುತ್ತೆ. ಲಿವರು ಟಿಎಚ್‌ಸಿಯನ್ನು ಇನ್ನೂ ಗಟ್ಟಿಯಾದ ಬೇರೆ ರೂಪಕ್ಕೆ ತಿರುಗಿಸುತ್ತೆ ಅಂತಲೂ ಹೇಳಿದರು. "ಅದಕ್ಕೇ, ಏನೂ ಆಗಲಿಲ್ಲ ಅಂತ ಎರಡನೇ ಸಲ ಕುಡೀಬೇಡಿ. ಆವತ್ತು ಏನೂ ಆಗಲಿಲ್ಲ ಅಂದರೆ ಆಗಲಿಲ್ಲ. ನಾಳೆ ನೋಡಿ."

ತಳಿ ಹುಡುಕೋಕೆ ಹೋದವಳು 30 ಮಿಲಿ ಎಣ್ಣೆ ಬಾಟಲಿ ಹಿಡಿದು ಬಂದೆ. ಚೀಟಿಯ ಮೇಲೆ ತಳಿಯ ಹೆಸರೇ ಇಲ್ಲ. ಮಿಲಿಗೆ 10 ಮಿಲಿಗ್ರಾಂ ಟಿಎಚ್‌ಸಿ, 10 ಮಿಲಿಗ್ರಾಂ ಸಿಬಿಡಿ, ಸಮಸಮ. ಸಿಬಿಡಿ ಅಂದರೆ ಗಾಂಜಾದ್ದೇ ಇನ್ನೊಂದು ಅಂಶ, ತಲೆಗೇರಲ್ಲ. ಜೊತೆಗೆ ಮಕ್ಕಳಿಗೆ ಔಷಧಿ ಹಾಕುವಂಥ ಸೂಜಿ ಇಲ್ಲದ ಸಿರಿಂಜು. ಕಾಲು ಮಿಲಿ ಎಳೆದರೆ 2.5 ಮಿಲಿಗ್ರಾಂ. ಇಷ್ಟು ಲೆಕ್ಕ ಸಿಕ್ಕ ಮೇಲೆ ನನಗೆ ಧೈರ್ಯ ಬಂತು. ಮುಚ್ಚಳ ಮಾತ್ರ ಇದಕ್ಕೂ ಯಜಮಾನರೇ ತೆಗೆಯಬೇಕು.

ಒಂದು ಪುಸ್ತಕ ಇಟ್ಟೆ. ಊರಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ: ತಾರೀಕು, ಎಷ್ಟು, ಯಾವಾಗ, ಊಟಕ್ಕೆ ಏನು, ರಾತ್ರಿ ಎಷ್ಟು ಸಲ ಎಚ್ಚರ, ಬೆಳಗ್ಗೆ ಹೇಗೆ. ಊಟ ಬರೆದದ್ದು ಸುಮ್ನೆ ಅಭ್ಯಾಸದಿಂದ. ಕೊನೆಗೆ ಅದೇ ಉಪಯೋಗಕ್ಕೆ ಬಂತು.

ಮೊದಲ ಮೂರು ರಾತ್ರಿ ಕಾಲು ಮಿಲಿ. ರುಚಿ ಹುಲ್ಲಿನದು, ಕೊನೆಗೆ ಗಂಟಲಲ್ಲಿ ಸ್ವಲ್ಪ ಕಹಿ. ಏನೂ ಆಗಲಿಲ್ಲ. ಸುಮ್ಮನಿದ್ದೆ. ನಾಲ್ಕನೇ ರಾತ್ರಿ 0.4. ಎರಡು ಗಂಟೆಗೆ ಹೊರಳಿದ್ದು ನೆನಪಿದೆ. ನೋವು ಇತ್ತು, ಆದರೆ ಪಕ್ಕದ ಮನೆಯಲ್ಲಿ ಯಾರೋ ಜಗಳ ಆಡುತ್ತಿದ್ದ ಹಾಗೆ. ಕೇಳಿಸಿತು, ಎದ್ದು ಹೋಗಬೇಕು ಅನ್ನಿಸಲಿಲ್ಲ. ಮತ್ತೆ ನಿದ್ದೆ ಹತ್ತಿತು. ಅದೇ ಮೊದಲ ದಿನ.

ದುರಾಸೆಗೆ ಮುಂದಿನ ವಾರ 0.6ಕ್ಕೆ ಏರಿಸಿದೆ. ರಾತ್ರಿ ಚೆನ್ನಾಗಿತ್ತು. ಬೆಳಗ್ಗೆ ಹಾಲು ಉಕ್ಕಿ ಒಲೆ ತುಂಬ ಹರಿಯುವ ತನಕ ಅದರ ಮುಂದೆಯೇ ನಿಂತು ನೋಡುತ್ತಿದ್ದೆ. ಆವತ್ತು ಮನೆಯಿಂದಲೇ ಕೆಲಸ ಮಾಡಿದೆ, ಕಾರು ಮುಟ್ಟಲಿಲ್ಲ. ಮತ್ತೆ 0.4ಕ್ಕೆ ಇಳಿಸಿದೆ. ಒಂದು ಶನಿವಾರ ಅದೇ 0.4 ಕುಡಿದು ತಲೆ ತಿರುಗಿದ ಹಾಗಾಯ್ತು. ಇದೇನಪ್ಪಾ ಅಂತ ಪುಸ್ತಕ ತೆಗೆದು ನೋಡಿದರೆ: 'ಬಿಸಿಬೇಳೆಬಾತ್, ತುಪ್ಪ ಜಾಸ್ತಿ.' ಈ ಅಂಶಗಳು ಕೊಬ್ಬಿನಲ್ಲಿ ಕರಗುತ್ತವೆ. ಜಿಡ್ಡಿನ ಊಟದ ಜೊತೆ ಹೋದರೆ ರಕ್ತಕ್ಕೆ ಜಾಸ್ತಿ ಸೇರುತ್ತವೆ. ಅಂದಿನಿಂದ ತುಪ್ಪದ ದಿನ 0.3, ಚಪಾತಿ ಪಲ್ಯದ ದಿನ 0.4. ರಾತ್ರಿ ಎಂಟೂವರೆಗೆ ನಾನು ಕುಡಿಯುತ್ತಿದ್ದ ಡೋಸಿನ ಲೆಕ್ಕ ಯಾವ ತಳಿ ಅನ್ನೋದರ ಮೇಲೆ ನಿಂತಿರಲಿಲ್ಲ, ಏನು ಅಡುಗೆ ಅನ್ನೋದರ ಮೇಲೆ ನಿಂತಿತ್ತು.

ಹಗಲಿಗೂ ಒಂದು ಪ್ರಯತ್ನ ಮಾಡಿದೆ. ಫಿಸಿಯೋದವರು ಕೈ ಎತ್ತಿಸುವ ಮುಂಚೆ ತಲೆಗೇರದ ಏನಾದರೂ ಸಿಗುತ್ತಾ ಅಂತ ಬರೀ ಸಿಬಿಡಿ ಎಣ್ಣೆ ತಂದೆ. 20 ಮಿಲಿಗ್ರಾಂ ಕುಡಿದು ಹೋದರೆ ಫಿಸಿಯೋ ಟೇಬಲ್ಲಿನ ಮೇಲೆ ಅದೇ ಕಿರುಚಾಟ. ಆಮೇಲೆ ಗೊತ್ತಾಯ್ತು, ಫಿಟ್ಸ್‌ಗೆ ಕೊಡುವ ಸಿಬಿಡಿ ಔಷಧದ ಪ್ರಮಾಣ ದಿನಕ್ಕೆ ದೇಹದ ತೂಕದ ಒಂದೊಂದು ಕಿಲೋಗೂ 10 ಮಿಲಿಗ್ರಾಂ, ಕೆಲವರಿಗೆ 20 ಮಿಲಿಗ್ರಾಂ. ನನ್ನ ತೂಕಕ್ಕೆ 650 ಮಿಲಿಗ್ರಾಂ ಮೇಲೆ. ನನ್ನ 20 ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಆ ಬಾಟಲಿಯ ದುಡ್ಡು ದಂಡ.

ನಿದ್ದೆಗೆ ಇದು ಔಷಧ ಅಂತ ನಾನು ಯಾರಿಗೂ ಹೇಳಲ್ಲ. ಮಗ ಕಳಿಸಿದ 2017ರ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ವರದಿಯಲ್ಲಿ ದೊಡ್ಡವರ ಬಹುದಿನದ ನೋವಿಗೆ ಗಾಂಜಾದಿಂದ ಪ್ರಯೋಜನ ಉಂಟು ಅನ್ನೋಕೆ ಸಾಕಷ್ಟು ಆಧಾರ ಇದೆ ಅಂದಿದ್ದಾರೆ. ನಿದ್ದೆಯ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಹೇಳಿಲ್ಲ. ದಿನಾ ತಗೊಂಡರೆ ಮೈ ಒಗ್ಗಿಹೋಗಿ ಪ್ರಮಾಣ ಏರಿಸುತ್ತಾ ಹೋಗಬೇಕಾಗುತ್ತೆ. ಅದಕ್ಕೇ ವಾರಕ್ಕೆ ನಾಲ್ಕು ರಾತ್ರಿ ಅಂತ ಇಟ್ಟುಕೊಂಡೆ. ಮೂರು ರಾತ್ರಿ ಛಾವಣಿ.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ಹೊರಡುವ ಹಿಂದಿನ ದಿನ ಕೈಚೀಲ, ಕೋಟಿನ ಜೇಬು, ಔಷಧಿ ಪೆಟ್ಟಿಗೆ ಎಲ್ಲ ಮೂರು ಸಲ ಜಾಲಾಡಿದೆ. ಕೆನಡಾದೊಳಗೆ 30 ಗ್ರಾಂ ಒಣ ಗಾಂಜಾ ತನಕ ಇಟ್ಟುಕೊಂಡು ಓಡಾಡಬಹುದು. ಗಡಿ ದಾಟಿಸಿದರೆ ಎರಡೂ ಕಡೆ ಅಪರಾಧ. ನಮ್ಮಲ್ಲಂತೂ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾನೂನು. ಸಿರಿಂಜು ಸಹ ಮನೆಯಲ್ಲೇ ಬಿಟ್ಟೆ.

ನಿಲ್ಲಿಸಿದ ಮೊದಲ ನಾಲ್ಕೈದು ರಾತ್ರಿ ಕನಸೋ ಕನಸು. ಟಿಎಚ್‌ಸಿ ಕನಸಿನ ನಿದ್ದೆಯನ್ನು ತಡೆಹಿಡಿದಿರುತ್ತೆ, ಬಿಟ್ಟಾಗ ಸಾಲವೆಲ್ಲ ಒಟ್ಟಿಗೆ ತೀರಿಸಿಕೊಳ್ಳುತ್ತೆ. ಸತ್ತುಹೋದ ಅಪ್ಪ ಬಂದು ಕಾಫಿ ಕಣದಲ್ಲಿ ನಿಂತು, ಬೀಜ ಸರಿಯಾಗಿ ಒಣಗಿಲ್ಲ ಅಂತ ನನ್ನನ್ನು ಬೈಯುತ್ತಿದ್ದರು. ಎಷ್ಟು ಸ್ಪಷ್ಟ ಅಂದರೆ ಅವರ ಪಂಚೆಯ ಅಂಚಿನ ಬಣ್ಣ ಹೇಳಬಲ್ಲೆ.

ಅಣ್ಣನ ಮನೆ ಅಂಗಳದಲ್ಲಿ ಮೆಣಸು ಒಣಗಲು ಹರವಿದ್ದರು. ಪಕ್ಕದಲ್ಲೇ ಕೊಟ್ಟಿಗೆ. ಯಜಮಾನರು ನನ್ನ ಮುಖ ನೋಡಿ ನಕ್ಕರು. ಅತ್ತಿಗೆಗೆ ಮಂಡಿ ನೋವು. ರಾತ್ರಿ ಕಾಲು ನೀವಿಕೊಳ್ಳುತ್ತಾ, ಪಿಸುಮಾತಲ್ಲಿ ಕೇಳಿದರು. "ನೀನು ಅಲ್ಲಿ ಅದೇನೋ ತಗೋತೀಯಂತಲ್ಲೇ. ಯಾವುದೇ ಅದು, ಹೆಸರು ಹೇಳು." ಹೆಸರೇ ಇಲ್ಲ ಅತ್ತಿಗೆ ಅಂದೆ. ಮುಚ್ಚಿಡುತ್ತಿದ್ದೀನಿ ಅಂದುಕೊಂಡರು. ಬೆಳಗ್ಗೆ ಕಾಫಿ ಕೊಡುವಾಗಲೂ ಸ್ವಲ್ಪ ಬಿಗುಮಾನ ಇತ್ತು.

ಈಗ ಭುಜ ಮೊದಲಿಗಿಂತ ಸಡಿಲ. ಕೈ ಬೆನ್ನ ಹಿಂದೆ ಸೊಂಟದ ತನಕ ಹೋಗುತ್ತೆ. ಎಣ್ಣೆಯಿಂದ ಅಲ್ಲ, ಅದರ ಕಾಲ ಮುಗಿಯುತ್ತಾ ಬಂತು ಅಂತಾರೆ ಫಿಸಿಯೋದವರು. ಮತ್ತೆ ಕಾಲು ಮಿಲಿಗೆ ಇಳಿದಿದ್ದೇನೆ, ಅದೂ ವಾರಕ್ಕೆ ಎರಡು ರಾತ್ರಿ. ಪುಸ್ತಕ ಮಾತ್ರ ಬಿಟ್ಟಿಲ್ಲ. ನಿನ್ನೆ ಬರೆದದ್ದು: 'ಮಂಗಳವಾರ. 0.25. ಚಪಾತಿ, ಬೀನ್ಸ್ ಪಲ್ಯ. 2.10ಕ್ಕೆ ಎಚ್ಚರ. ಭುಜದಿಂದಲ್ಲ, ಯಜಮಾನರ ಗೊರಕೆಯಿಂದ.'